ಮ್ಯಾಗ್ನೆಟ್ ಅಂಟುವ ಗೇರ್‌ಬಾಕ್ಸ್

ಟಾರ್ನೀಟ್, ಮೆಲ್ಬರ್ನ್
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಶ್ರೀಮಾನ್ ಜೀವನ್ ಅವರ ಸನ್ನಿಧಿಗೆ, ಕಾನೂನಿನ ಪ್ರಕಾರ ಇನ್ನೂ ಹೆಂಡತಿಯೇ ಆಗಿ ಉಳಿದಿರುವ ವಿಜೇತಾಳ ನಮಸ್ಕಾರಗಳು.

ಸ್ಕೋಫೀಲ್ಡ್ಸಿನ ಸಮಸ್ತ ನಿವಾಸಿಗಳಿಗೂ, ಪೆಂಡಲ್ ಹಿಲ್ಲಿನ ದೋಸೆಪ್ರಿಯರಿಗೂ, ಸಿಡ್ನಿ ಮಹಾನಗರದಲ್ಲಿ ಅಳಿದುಳಿದ ಎಲ್ಲ ಕನ್ನಡಿಗರಿಗೂ ಈ ಮೂಲಕ ಹರ್ಷದಿಂದ ತಿಳಿಯಪಡಿಸುವುದೇನೆಂದರೆ, ಕಳೆದ ಹದಿನೆಂಟು ತಿಂಗಳಿಂದ ನಾಪತ್ತೆಯಾಗಿದ್ದ ತಮ್ಮ ಫ್ರಿಜ್ ಮ್ಯಾಗ್ನೆಟ್ ಪತ್ತೆಯಾಗಿದೆ. ಚಹರೆ: ಕಂಬಳದ ಕೋಣ, ಕಪ್ಪು ಬಣ್ಣ, ಎಡಗೊಂಬು ತುಸು ಮುರಿದದ್ದು. ತಮ್ಮ ವಕೀಲರು ನನಗೆ ಕಳಿಸಿದ ‘ಹೆಂಡತಿ ಹೊತ್ತೊಯ್ದ ಸಾಮಾನುಗಳು’ ಎಂಬ ಪಟ್ಟಿಯಲ್ಲಿ ಇದು ಹದಿನಾಲ್ಕನೆಯದು, ವಾಷಿಂಗ್ ಮಷೀನಿಗೂ ಇಡ್ಲಿ ಸ್ಟ್ಯಾಂಡಿಗೂ ನಡುವೆ. ವಾಷಿಂಗ್ ಮಷೀನು ನಾನು ತಂದದ್ದು ನಿಜ. ಇಡ್ಲಿ ಸ್ಟ್ಯಾಂಡಂತೂ ನಮ್ಮಮ್ಮನದೇ. ಕೋಣವನ್ನು ಮಾತ್ರ ನಾನು ತಂದಿಲ್ಲ. ಅದು ನಿಮ್ಮಲ್ಲೇ ಇದೆ. ನಿಮ್ಮ ಕಾರಿನ ಹೊಟ್ಟೆಯಡಿಯಲ್ಲಿ, ಗೇರ್‌ಬಾಕ್ಸಿನ ಬಲಮಗ್ಗುಲಿಗೆ, ಗಟ್ಟಿಯಾಗಿ ಅಂಟಿಕೊಂಡಿದೆ.

ಬಹುವಚನ ಇಷ್ಟಕ್ಕೇ ಸಾಕು, ನನಗೆ ಅಭ್ಯಾಸ ತಪ್ಪಿಹೋಗಿದೆ.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದು, ಜೀವನ್. ಗೇರ್‌ಬಾಕ್ಸಿಗೆ ಮ್ಯಾಗ್ನೆಟ್ಟು ಅಂಟಿಕೊಂಡಿದೆ. ನಿನ್ನಷ್ಟು ಬಲ್ಲವನಿಗೆ ಇಷ್ಟರಲ್ಲೇ ಬೆವರು ಬರಬೇಕು. ಬರದಿದ್ದರೆ ಕೂತುಕೋ, ನೀನೇ ಹೇಳಿಕೊಟ್ಟ ಪಾಠವನ್ನು ನಿನಗೇ ಒಪ್ಪಿಸುತ್ತೇನೆ.

ಮದುವೆಯಾಗಿ ಹನ್ನೊಂದನೆಯ ದಿನ. ಉಳಿದ ಹೆಣ್ಣುಮಕ್ಕಳನ್ನು ಗಂಡಂದಿರು ಸಮುದ್ರದ ದಂಡೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ನೀನು ನನ್ನನ್ನು ಟಿವಿಯ ರಟ್ಟಿನ ಡಬ್ಬಿ ಹಾಸಿ ಕಾರಿನಡಿ ಮಲಗಿಸಿದೆ. ಪಕ್ಕದಲ್ಲಿ ನೀನೂ ಮಲಗಿದೆ. ಕೈಯಲ್ಲಿ ಟಾರ್ಚು. ೧೯೬೯ರ ಕಮಾರೊ ಅಂತ ಅದರ ಹೆಸರನ್ನು ನೀನು ಹೇಳಿದ ಧಾಟಿಯಲ್ಲಿ ಆಮೇಲೆ ನನ್ನ ಹೆಸರನ್ನು ಒಮ್ಮೆಯೂ ಹೇಳಿದವನಲ್ಲ. ಅಮೆರಿಕದ ಈ ಹಳೇ ಮಸಲ್ ಕಾರುಗಳ ಮರ್ಯಾದೆ ಇರೋದು ಬಣ್ಣದಲ್ಲಲ್ಲ ವಿಜಿ, ಹುಟ್ಟುವಾಗ ಇದ್ದ ಎಂಜಿನ್ನು, ಹುಟ್ಟುವಾಗ ಇದ್ದ ಗೇರ್‌ಬಾಕ್ಸು ಇವತ್ತಿಗೂ ಅದರಲ್ಲೇ ಇದೆಯಾ ಅನ್ನೋದ್ರಲ್ಲಿ, ಅಂದೆ. ಈ ಗೇರ್‌ಬಾಕ್ಸು ಮನ್ಸಿ. ಇದನ್ನೇ ಹೋಲುವ ಇನ್ನೊಂದಿದೆ, ಸ್ಯಾಗಿನಾ, ಬಡ ದಾಯಾದಿ, ಸಣ್ಣ ಎಂಜಿನ್ನುಗಳಿಗೆ ಹಾಕ್ತಿದ್ರು. ಎರಡಕ್ಕೂ ಪಕ್ಕದಲ್ಲಿ ಏಳು ಬೋಲ್ಟಿನ ಮುಚ್ಚಳ. ದಡ್ಡರು ಮೋಸ ಹೋಗೋದೇ ಅಲ್ಲಿ. ನೀನು ಲಿವರ್ ಎಣಿಸು. ಮುಚ್ಚಳದ ಮೇಲೆ ಎರಡೇ ಲಿವರ್ ಇದ್ದು ರಿವರ್ಸಿನ ಲಿವರ್ ಹಿಂದೆ ಬಾಲದ ಕಡೆ ಇದ್ದರೆ ಮನ್ಸಿ. ಮೂರೂ ಮುಚ್ಚಳದ ಮೇಲೇ ಇದ್ರೆ ಸ್ಯಾಗಿನಾ.

ನಾನು ತಲೆಯಾಡಿಸಿದೆ. ನಿನಗೆ ನಂಬಿಕೆ ಬರಲಿಲ್ಲ. ಅಡುಗೆಮನೆಯವರಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ ಇರು ಅಂತ, ಮನ್ಸಿಯ ಮೈ ಅಲ್ಯುಮಿನಿಯಮ್ಮಿಂದು, ಸ್ಯಾಗಿನಾದ್ದು ಬೀಡುಕಬ್ಬಿಣ, ನಿನ್ನ ಫ್ರಿಜ್ ಮ್ಯಾಗ್ನೆಟ್ಟು ಒಂದಕ್ಕೆ ಅಂಟಲ್ಲ, ಇನ್ನೊಂದಕ್ಕೆ ಅಂಟುತ್ತೆ ಅಂದೆ.

ಅಡುಗೆಮನೆಯವಳಿಗೆ ಅರ್ಥವಾಗಿತ್ತು, ಮಾರಾಯ.

ನಿನ್ನ ಕಾರಿನಲ್ಲಿರುವುದು ಸ್ಯಾಗಿನಾ. ೨೦೨೪ರ ಏಪ್ರಿಲ್ ತಿಂಗಳಿಂದ ಅದೇ ಇದೆ. ನೀನು ಜಗತ್ತಿಗೆಲ್ಲ ಸಾರಿಕೊಂಡು ತಿರುಗುವ ಎಂ-೨೨ ಮನ್ಸಿ, ಕಲ್ಲು ಪುಡಿ ಮಾಡುವಂಥ ಸದ್ದಿಗೆ ಹೆಸರಾದ ಆ ‘ರಾಕ್ ಕ್ರಷರ್’, ಇಲ್ಲಿ ಟಾರ್ನೀಟಿನ ನನ್ನ ಬಾಡಿಗೆ ಮನೆಯ ಹಾಲಿನಲ್ಲಿ ಟಿವಿಯ ಕೆಳಗೆ, ಹಳೆಯ ಉಡುಪಿ ಸೀರೆ ಹೊದ್ದು ಮಲಗಿದೆ. ಮೊನ್ನೆ ಆಯುಧಪೂಜೆಗೆ ಅದಕ್ಕೆ ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದ್ದಾಯಿತು.

ಈಗ ಸ್ವಲ್ಪ ನೀರು ಕುಡಿ.

ಈ ಹದಿನೆಂಟು ತಿಂಗಳಲ್ಲಿ ನೀನು ನಿನ್ನ ಹಳೇ ಕಾರುಗಳ ಕ್ಲಬ್ಬಿನ ಪುಟದಲ್ಲಿ ಹಾಕಿದ ವಿಡಿಯೋಗಳು ಮೂವತ್ತೊಂದು. ಎಲ್ಲವನ್ನೂ ನೋಡಿದ್ದೇನೆ. ಸಂಸಾರ ಮಾಡುವಾಗ ನಿನ್ನ ಮಾತನ್ನು ಇಷ್ಟು ಭಕ್ತಿಯಿಂದ ಕೇಳಿದ್ದಿಲ್ಲ. ನನಗೆ ಬಹಳ ಇಷ್ಟವಾದದ್ದು ಒಂಬತ್ತನೆಯದು. ನೀನು ಬಾನೆಟ್ಟಿಗೆ ಒರಗಿ, ಕಣ್ಣು ಮುಚ್ಚಿ, ಕೇಳಿ ಕೇಳಿ, ಆ ಗುಂಯ್ ಅನ್ನೋ ನಾದ ಕೇಳಿಸ್ತಾ ಇದೆಯಾ, ಹಲ್ಲು ನೆಟ್ಟಗಿರೋ ಎಂ-೨೨ ಮಾತ್ರ ಹೀಗೆ ಹಾಡೋದು, ಗೊತ್ತಿರೋರಿಗೆ ಗೊತ್ತಾಗುತ್ತೆ ಅಂತೀಯ. ಕೆಳಗೆ ನೂರಾರು ಜನ ಕೈಮುಗಿದ ಚಿತ್ರ ಹಾಕಿದ್ದಾರೆ. ಆ ನಾದ ಸವೆದ ಬೇರಿಂಗಿನದು, ಜೀವನ್. ಸ್ಯಾಗಿನಾವನ್ನು ಕೂರಿಸುವಾಗಲೇ ಅದು ಸತ್ತಿತ್ತು. ಬದಲಾಯಿಸುವುದು ಬೇಡ, ಹಾಗೇ ಇರಲಿ ಅಂತ ಹೇಳಿದ್ದು ನಾನೇ. ನೀನು ಅದನ್ನು ಸಂಗೀತ ಅಂದುಕೊಳ್ಳುತ್ತೀಯ ಅನ್ನುವಷ್ಟು ನಿನ್ನನ್ನು ಬಲ್ಲೆ.

ಆದರೆ ಒಂದು ಲೆಕ್ಕ ತಪ್ಪಿದೆ. ಅಷ್ಟು ದೊಡ್ಡ ಎಂಜಿನ್ನಿನ ಏಟಿಗೆ ಸ್ಯಾಗಿನಾ ಆರು ತಿಂಗಳು ತಾಳುವುದಿಲ್ಲ, ಎಲ್ಲೋ ನಡುರಸ್ತೆಯಲ್ಲಿ ಹಲ್ಲು ಉದುರಿಸಿಕೊಂಡು ನಿಲ್ಲುತ್ತದೆ, ಆಗ ನಿನ್ನ ಮುಖ ಹೇಗಿರುತ್ತದೆ ಅಂತ ಕಲ್ಪಿಸಿಕೊಂಡು ಎಷ್ಟೋ ದಿನ ಖುಷಿಯಾಗಿ ಊಟ ಮಾಡಿದ್ದೇನೆ. ಓಡಿಸುವವನು ನೀನು ಅನ್ನುವುದನ್ನೇ ಮರೆತಿದ್ದೆ. ನಾನೂರು ಕುದುರೆಗಳ ಕಾರನ್ನು ಭಾನುವಾರಕ್ಕೊಮ್ಮೆ ಹೊರಗೆ ತೆಗೆದು, ನಲವತ್ತರ ವೇಗದಲ್ಲಿ, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗುವ ಹಾಗೆ ಪೆಂಡಲ್ ಹಿಲ್ಲಿಗೆ ಒಯ್ದು, ಮಸಾಲೆದೋಸೆ ತಿಂದು ಮರಳುವವನು. ಇಂಥ ಸವಾರನ ಕೈಯಲ್ಲಿ ರಟ್ಟಿನ ಗೇರ್‌ಬಾಕ್ಸೂ ನೂರು ವರ್ಷ ಬಾಳುತ್ತದೆ.

ಕೆಳಗೆ ಬಗ್ಗಿ ನೋಡಿದ್ದರೆ ನಿನಗೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ನೀನು ಬಗ್ಗುವುದು ಬೇರೆಯವರ ಕಾರಿನಡಿಗೆ ಮಾತ್ರ. ಮಾರ್ಚಿನ ಆ ವಿಡಿಯೋದಲ್ಲಿ ಒಬ್ಬ ಮುದುಕ, ಇದು ತೀರಿಹೋದ ನನ್ನ ತಮ್ಮನ ಕಾರು, ಮನ್ಸಿ ಅಂತ ಅವನು ಹೇಳಿದ್ದ ಅಂದ. ನೀನು ಅವನ ಕಾರಿನಡಿಯಿಂದ ತಲೆ ಹೊರಗೆ ಹಾಕಿ, ಕ್ಯಾಮೆರಾಕ್ಕೆ ಕಣ್ಣು ಮಿಟುಕಿಸಿ, ನಿಮ್ಮ ತಮ್ಮ ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ, ಸ್ಯಾಗಿನಾ ಇದು ಅಂದೆ. ಜನ ನಕ್ಕರು. ಮುದುಕ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಪಕ್ಕದಲ್ಲೇ ನಿನ್ನ ಕಾರು, ಹೊಟ್ಟೆಯಲ್ಲಿ ಅದೇ ಸ್ಯಾಗಿನಾ, ಸ್ಯಾಗಿನಾದ ಮೇಲೆ ನಮ್ಮ ಕೋಣ. ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೆ ಅನ್ನುವುದನ್ನು ಹೇಳಿದರೆ ನಿನಗೆ ನನ್ನ ಆರೋಗ್ಯದ ಚಿಂತೆ ಹತ್ತೀತು.

ಇಷ್ಟೆಲ್ಲ ಯಾಕೆ ಮಾಡಿದೆ ಅಂತ ನೀನು ಕೇಳುವವನಲ್ಲ. ಆದರೂ ಹೇಳುತ್ತೇನೆ.

ನಮ್ಮಪ್ಪ ಕೊರಗಪ್ಪ ಅನ್ನುವವರು ಉಡುಪಿಯಲ್ಲಿ ಒಂದು ಬಸ್ ಕಂಪೆನಿಯ ಗ್ಯಾರೇಜಿನಲ್ಲಿ ಮೂವತ್ತೆಂಟು ವರ್ಷ ಗೇರ್‌ಬಾಕ್ಸು ಬಿಚ್ಚಿ ಕಟ್ಟಿದವರು. ಅಮ್ಮ ಹೋದ ಮೇಲೆ ನಮ್ಮ ಜೊತೆ ಇರಲು ಬಂದರು. ನಿನ್ನ ಮನ್ಸಿಯಲ್ಲಿ ಮೂರನೇ ಗೇರು ಜಾರುತ್ತಿತ್ತು. ಸಿಡ್ನಿಯ ಮೂವರು ತಜ್ಞರು ಆಗಲ್ಲ ಅಂದಿದ್ದರು. ಅಪ್ಪ ಅಂಥ ಬಾಕ್ಸನ್ನು ಜನ್ಮದಲ್ಲಿ ನೋಡಿದವರಲ್ಲ. ಹಳೆಯ ಬೆಡ್‌ಶೀಟ್ ಹಾಸಿ, ಒಂದೊಂದೇ ಭಾಗ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ಒಂಬತ್ತು ದಿನಗಳಲ್ಲಿ ಸರಿ ಮಾಡಿದರು. ಎಂತ ಇಲ್ಲ, ಎಲ್ಲ ಗೇರೂ ಒಂದೇ, ಹಲ್ಲಿಗೆ ಹಲ್ಲು ಕೂತರೆ ಆಯ್ತು ಅಂದರು. ಆಮೇಲೆ ಆ ಅಪರಾಧ ಮಾಡಿದರು.

ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಬಾಕ್ಸು ಬಿಚ್ಚಿ ಕಟ್ಟಿದವನು ಅದರ ಮೈಮೇಲೆ ತನ್ನ ಹೆಸರೂ ತಾರೀಕೂ ಕೊರೆಯಬೇಕು, ನಾಳೆ ಅದು ಕೆಟ್ಟು ಬಂದರೆ ಯಾರಿಗೆ ಬೈಯಬೇಕು ಅಂತ ತಿಳಿಯಲಿಕ್ಕೆ. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಅದೇ ಕೊರೆಯುವ ಮಿಷನ್ನು. ಅಪ್ಪ ಊರಿಂದ ಬರುವಾಗ ಅದನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದರು. ನಿನ್ನ ಮನ್ಸಿಯ ಮೇಲೆ, ಕಾರ್ಖಾನೆಯವರು ಹೊಡೆದಿದ್ದ ನಂಬರಿನ ಪಕ್ಕದಲ್ಲೇ, ಗುಂಡಗಿನ ಅಕ್ಷರಗಳಲ್ಲಿ, ‘ಚಿ. ಜೀವನ್, ಸೌ. ವಿಜೇತಾ ಇವರಿಗೆ ಕೊರಗಪ್ಪ ಮಾಡುವ ಆಶೀರ್ವಾದ’ ಅಂತ ಬರೆದು, ಕೆಳಗೆ ತಾರೀಕು ಹಾಕಿದರು. ಐವತ್ತು ವರ್ಷ ಯಾರೂ ಗೀರು ಬೀಳಿಸದೆ ಕಾಪಾಡಿದ್ದ ಅಲ್ಯುಮಿನಿಯಮ್ಮಿನ ಮೇಲೆ.

ಕ್ಲಬ್ಬಿನವರ ದೃಷ್ಟಿಯಲ್ಲಿ ಅದು ದೇವರ ವಿಗ್ರಹಕ್ಕೆ ಪೆನ್ನಿನಲ್ಲಿ ಮೀಸೆ ಬರೆದ ಹಾಗೆ ಅಂತ ನನಗೂ ಗೊತ್ತು. ನೀನು ಬೈದಿದ್ದರೆ ಬೈದೆ ಅನ್ನಬಹುದಿತ್ತು. ನೀನು ಬೈಯಲಿಲ್ಲ. ಭಾನುವಾರ ಬಾರ್ಬಿಕ್ಯೂ ಇಟ್ಟುಕೊಂಡೆ. ಕ್ಲಬ್ಬಿನ ಆರು ಜನರನ್ನೂ ಪಕ್ಕದ ಬೀದಿಯ ಶ್ರೀನಾಥನನ್ನೂ ಕರೆದೆ. ಅಪ್ಪನನ್ನು ನಿಲ್ಲಿಸಿ, ಟಾರ್ಚು ಕೊಟ್ಟು, ಮಾವ, ನೀವು ಬರೆದಿರೋದನ್ನ ಓದಿ ಅಂದೆ. ಓದಿದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ, ನನ್ನ ಮಾವ ಇದನ್ನ ಪ್ರೆಶರ್ ಕುಕ್ಕರ್ ಅಂದ್ಕೊಂಡಿದಾರೆ, ಅದೃಷ್ಟ ಚೆನ್ನಾಗಿತ್ತು, ಒಲೆ ಮೇಲೆ ಇಡಲಿಲ್ಲ ಅಂತ ಸೇರಿಸಿದೆ. ಕ್ಲಬ್ಬಿನವರು ಹೊಟ್ಟೆ ಹಿಡಿದು ನಕ್ಕರು. ಅಪ್ಪನಿಗೆ ಅಷ್ಟು ವೇಗದ ಇಂಗ್ಲಿಷ್ ತಿಳಿಯುವುದಿಲ್ಲ. ಎಲ್ಲರೂ ಸಂತೋಷವಾಗಿದ್ದಾರೆ ಅಂತ ಅವರೂ ನಕ್ಕರು. ಇನ್ನೊಮ್ಮೆ ಓದಿ ಅಂತ ಯಾರೋ ಅಂದರು. ಅವರು ಇನ್ನೊಮ್ಮೆ ಓದಿದರು, ಈ ಸಲ ಸ್ವಲ್ಪ ಗಟ್ಟಿಯಾಗಿ.

ಎಲ್ಲ ಹೋದ ಮೇಲೆ ನನ್ನನ್ನು ಕರೆದು, ಎಂತ ಹೇಳಿದ್ದು ಅವರು ಅಂತ ಕೇಳಿದರು. ಅಕ್ಷರ ಭಾರಿ ಚಂದ ಉಂಟು ಅಂದರು ಅಪ್ಪಾ, ಅಂತ ನಾನು ಹೇಳಿದೆ.

ಮರುದಿನ ನೀನು ಗ್ಯಾರೇಜಿನ ನೆಲಕ್ಕೆ ಹಳದಿ ಟೇಪು ಅಂಟಿಸಿ, ಮಾವ ಇದರಾಚೆ ಬರೋ ಹಾಗಿಲ್ಲ ಅಂದೆ. ದೊಡ್ಡ ಕಾರ್ಖಾನೆಗಳಲ್ಲೆಲ್ಲ ಹೀಗೇ ಸೇಫ್ಟಿಗೆ ಗೆರೆ ಇರುತ್ತದೆ ಅಂತ ನಾನು ಹೇಳಿದೆ. ಅವರು ನಂಬಿದರು. ಅಳಿಯಂದಿರು ಶಿಸ್ತಿನವರು ಅಂತ ಮೆಚ್ಚಿಕೊಂಡರು. ದಿನಾ ಕುರ್ಚಿ ತಂದು ಗೆರೆಯ ಈಚೆ ಹಾಕಿ, ಚಪ್ಪಲಿಯ ತುದಿಯೂ ಆಚೆ ಹೋಗದ ಹಾಗೆ ಕಾಲು ಮಡಚಿ ಕೂತು, ನೀನು ತಪ್ಪು ಸ್ಪ್ಯಾನರ್ ಹಾಕುವುದನ್ನು ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ, ಅದು ಹದಿನಾಲ್ಕಲ್ಲ, ಹದಿನಾರು ಅಂದರು. ನೀನು ತಿರುಗಿಯೂ ನೋಡದೆ ಇಯರ್‌ಫೋನ್ ಹಾಕಿಕೊಂಡೆ. ಅವರು ನಿನ್ನಿಂದ ಬಯಸಿದ್ದು ಒಂದೇ ಒಂದು ಮಾತು. ‘ಮಾವ, ಗೇರು ಚೆನ್ನಾಗಿ ಬೀಳ್ತಿದೆ.’ ಇಷ್ಟೇ. ಮೂರನೇ ಗೇರು ಆಮೇಲೆ ಯಾವತ್ತೂ ಜಾರಲಿಲ್ಲ, ನೀನೂ ಯಾವತ್ತೂ ಹೇಳಲಿಲ್ಲ.

ಹೀಗಾಗಿ, ಕಂಪೆನಿ ನಿನ್ನನ್ನು ಹನ್ನೆರಡು ದಿನಕ್ಕೆ ಸಿಂಗಾಪುರಕ್ಕೆ ಕಳಿಸಿದಾಗ ನನಗೆ ಮೆಲ್ಬರ್ನಿನ ಕೆಲಸದ ಕಾಗದ ಬಂದು ವಾರವಾಗಿತ್ತು. ಹೊರಡುವುದು ನಿರ್ಧಾರವಾಗಿತ್ತು. ಬರಿಗೈಯಲ್ಲಿ ಹೊರಡುವುದು ಮಾತ್ರ ಸರಿಕಾಣಲಿಲ್ಲ. ಪೆನ್ರಿತ್ತಿನ ಒಬ್ಬ ತಾತನ ಶೆಡ್ಡಿನಲ್ಲಿ ಸ್ಯಾಗಿನಾ ಸಿಕ್ಕಿತು. ತಾತ ಅದರ ಮೇಲೆ ಹೂಕುಂಡ ಇಟ್ಟಿದ್ದ.

ಇಳಿಸಿ ಏರಿಸುವ ಕೆಲಸ ನನ್ನಿಂದ ಆಗುವಂಥದ್ದಲ್ಲ. ಅಪ್ಪನಿಗೆ ನಿಜ ಹೇಳಿದರೆ ಅವರು ಸ್ಪ್ಯಾನರನ್ನು ಮುಟ್ಟುವವರಲ್ಲ. ಅದಕ್ಕೆ ಹೀಗೆ ಹೇಳಿದೆ: ಅಪ್ಪಾ, ಜೀವನ್ ಸಿಂಗಾಪುರದಿಂದ ಫೋನು ಮಾಡಿದ್ದರು. ಒರಿಜಿನಲ್ ಬಾಕ್ಸನ್ನು ಓಡಿಸಿ ಸವೆಸುವುದು ಬೇಡ, ಇಳಿಸಿ ಜೋಪಾನವಾಗಿ ಇಡಬೇಕು, ಓಡಾಟಕ್ಕೆ ಸಾದಾ ಬಾಕ್ಸು ಸಾಕು ಅಂದರು. ಬೇರೆ ಯಾರ ಕೈಯೂ ತಾಗಬಾರದಂತೆ. ಮಾವನೇ ಮಾಡಲಿ ಅಂದರು.

ಅಪ್ಪ, ಹಾಗೆ ಹೇಳಿದರಾ ಅಂತ ಕೇಳಿದರು. ಹೌದು ಅಂದೆ. ಮಾವ ಅಂದರಾ, ಮುದುಕ ಅಂದರಾ ಅಂತ ಕೇಳಿದರು. ಮಾವ ಅಂದರು ಅಂದೆ. ಬೆಳಿಗ್ಗೆ ಹತ್ತು ಗಂಟೆ, ಆಗಲೇ ಒಮ್ಮೆ ಸ್ನಾನ ಆಗಿತ್ತು. ಎದ್ದು ಹೋಗಿ ಇನ್ನೊಮ್ಮೆ ಸ್ನಾನ ಮಾಡಿ ಬಂದು, ಆ ಹಳದಿ ಟೇಪನ್ನು ಬಲಗಾಲಿಟ್ಟು ದಾಟಿದರು.

ನಾಲ್ಕು ದಿನದ ಕೆಲಸ. ಮೂರು ವರ್ಷದ ಹಿಂದೆ ನೀನು ತಂದಿಟ್ಟು ಪ್ಲಾಸ್ಟಿಕ್ಕೂ ತೆಗೆಯದೆ ಇಟ್ಟಿದ್ದ ಗೇರ್‌ಬಾಕ್ಸ್ ಜ್ಯಾಕು ಕೊನೆಗೂ ಬಳಕೆಯಾಯಿತು. ಬೇರಿಂಗ್ ಬದಲಾಯಿಸದೆ ಬಿಡುವುದಕ್ಕೆ ಅಪ್ಪ ಒಪ್ಪಲೇ ಇಲ್ಲ. ಅದು ನನ್ನ ಮರ್ಯಾದೆ ಪ್ರಶ್ನೆ ಮಾರಾಯ್ತಿ, ಶಬ್ದ ಬರ್ತದೆ ಅಂದರು. ಅದೊಂದನ್ನು ಜೀವನ್ ತಾನೇ ಮಾಡುತ್ತಾರಂತೆ, ಕಲಿಯಬೇಕಂತೆ, ಅಂದೆ. ಸರಿ, ಕಲಿಯಲಿ ಅಂದರು. ನಾನು ಕಬ್ಬಿಣದ ಮೈಗೆ ಬೆಳ್ಳಿ ಬಣ್ಣ ಹೊಡೆದೆ. ಕೊನೆಗೆ, ನಿನಗೂ ಒಂದು ಅವಕಾಶ ಇರಲಿ ಅಂತ ಕೋಣವನ್ನು ಅಂಟಿಸಿದೆ. ಎಲ್ಲ ಸುಸೂತ್ರವಾಗಿ ನಡೆಯಿತು, ಯಾರಿಗೂ ಏನೂ ಆಗಲಿಲ್ಲ. ನೀನು ಬರುವ ಮೊದಲೇ ನಾನೂ ಅಪ್ಪನೂ ಮನ್ಸಿಯೂ ಮೆಲ್ಬರ್ನ್ ಸೇರಿಯಾಗಿತ್ತು.

ಅಪ್ಪನ ಲೆಕ್ಕದಲ್ಲಿ ನನಗೆ ಇಲ್ಲಿ ಕೆಲಸ ಸಿಕ್ಕಿದೆ, ನಿನಗೆ ಇನ್ನೂ ವರ್ಗ ಆಗಿಲ್ಲ, ಅಷ್ಟೇ. ಮನೆ ಸಿಕ್ಕುವ ತನಕ ಬಾಕ್ಸು ನಮ್ಮಲ್ಲಿ ಭದ್ರವಾಗಿರಲಿ ಅಂತ ನೀನೇ ಹೇಳಿದ್ದೀಯ. ಯುಗಾದಿಗೆ, ಬಿಸುವಿಗೆ, ಚೌತಿಗೆ ನಿನ್ನ ನಮಸ್ಕಾರಗಳನ್ನು ಫೋನು ನೋಡಿ ಓದಿದ ಹಾಗೆ ಮಾಡಿ ನಾನೇ ಹೇಳುತ್ತೇನೆ. ನೀನು ಬಹಳ ಸಭ್ಯನಾಗಿದ್ದೀಯ ಆ ಮೆಸೇಜುಗಳಲ್ಲಿ. ಒಮ್ಮೊಮ್ಮೆ ನನಗೇ ನಿನ್ನನ್ನು ಮದುವೆಯಾಗಬೇಕು ಅನಿಸುತ್ತದೆ. ‘ಗೇರು ಚೆನ್ನಾಗಿ ಬೀಳ್ತಿದೆ’ ಅನ್ನುವುದೊಂದನ್ನು ಮಾತ್ರ ಯಾಕೋ ನಿನ್ನ ಬಾಯಿಯಲ್ಲಿ ಹಾಕಿಲ್ಲ. ಅದು ಸುಳ್ಳಾಗಿ ಸಿಕ್ಕಿದರೆ ಬೆಲೆ ಇಲ್ಲ ಅಂತಲೋ, ಅಥವಾ ಅವರು ಕಾಯುವುದನ್ನು ನೋಡಿದರೆ ನಿನ್ನ ಮೇಲಿನ ಸಿಟ್ಟು ಆರದೆ ಇರುತ್ತದೆ ಅಂತಲೋ. ಎರಡನೆಯದೇ ಇರಬೇಕು.

ಈಗ ಈ ಭಾನುವಾರದ ವಿಷಯ.

ಕ್ಲಬ್ಬಿನ ಓಪನ್ ಡೇಯಲ್ಲಿ ‘ಗೇರ್‌ಬಾಕ್ಸ್ ಗುರುತಿಸುವುದು ಹೇಗೆ’ ಅಂತ ನಿನ್ನ ಪ್ರಾತ್ಯಕ್ಷಿಕೆ. ನಿನ್ನ ಕಾರನ್ನು ಹಾಯ್ಸ್ಟಿನ ಮೇಲೆ ಎತ್ತಿ, ಕೆಳಗಿಂದ ಕ್ಯಾಮೆರಾ ಹಿಡಿದು, ದೊಡ್ಡ ಪರದೆಯ ಮೇಲೆ ತೋರಿಸುತ್ತಾರಂತೆ. ಪೋಸ್ಟರಿನಲ್ಲಿ ನೀನು ಕೈಕಟ್ಟಿ ನಿಂತಿದ್ದೀಯ. ಕೆಳಗೆ, ನನ್ನನ್ನು ತಪ್ಪು ಅಂತ ಸಾಬೀತು ಮಾಡಿದವರ ಮುಂದೆ ಇನ್ನು ಯಾವತ್ತೂ ಗೇರ್‌ಬಾಕ್ಸಿನ ಮಾತೆತ್ತುವುದಿಲ್ಲ ಅಂತ ದಪ್ಪಕ್ಷರದ ಸವಾಲು. ನಾನು ಆ ಪೋಸ್ಟರನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡೆ. ಪರದೆಯ ಮೇಲೆ ಬೆಳಕು ಬೀಳುತ್ತದೆ. ಮೊದಲ ಸಾಲಿನ ಯಾವನೋ ಒಂದು, ಎರಡು, ಮೂರು ಅಂತ ಎಣಿಸುತ್ತಾನೆ. ಆಮೇಲೆ ಕ್ಯಾಮೆರಾ ಬಲಕ್ಕೆ ತಿರುಗಿ ಕೋಣ ಪ್ರತ್ಯಕ್ಷವಾಗುತ್ತದೆ. ಮನೆಯಲ್ಲಿ ಕೂತು ಲೈವ್ ನೋಡುವುದಕ್ಕೆ ಆಫೀಸಿನಲ್ಲಿ ಶಿಫ್ಟ್ ಬದಲಾಯಿಸಿಕೊಂಡು, ಗೋಳಿಬಜೆಗೆ ಹಿಟ್ಟು ಕಲಸುವುದೊಂದು ಬಾಕಿ ಇತ್ತು. ನಿನಗೆ ಒಂದಕ್ಷರ ತಿಳಿಸುವ ಉದ್ದೇಶ ಇರಲಿಲ್ಲ.

ಕೆಡಿಸಿದವನು ಶ್ರೀನಾಥ. ಒಳ್ಳೆಯ ಮನಸ್ಸಿನವರು ಮಾಡುವಷ್ಟು ಅನಾಹುತವನ್ನು ಕೆಟ್ಟವರು ಮಾಡಲಾರರು. ಆ ಪೋಸ್ಟರನ್ನು ಅವನು ನೇರವಾಗಿ ಅಪ್ಪನಿಗೆ ಕಳಿಸಿ, ಅಂಕಲ್ ನೀವು ಬರಲೇಬೇಕು ಅಂತ ಬರೆದ. ಅಪ್ಪ ಎರಡು ದಿನ ಆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಮೂರನೆಯ ದಿನ ಪಕ್ಕದ ಮನೆಯವರನ್ನು ಹಿಡಿದು ವಿಮಾನದ ಟಿಕೆಟ್ ಬುಕ್ ಮಾಡಿಸಿಕೊಂಡು ಬಂದರು. ಹೊಸ ಶರ್ಟು ತಂದಿದ್ದಾರೆ, ತಿಳಿ ನೀಲಿ. ನಾನು ಬೇಡ ಅಂದೆ, ಮಂಡಿ ನೋವು ಅಂದೆ, ಬಿಸಿಲು ಅಂದೆ. ಅವರು ಹೇಳಿದ್ದು ಇಷ್ಟು: ಹಾಯ್ಸ್ಟಿನ ಮೇಲೆ ಎತ್ತುವುದು ನಾನು ಕೂರಿಸಿದ ಬಾಕ್ಸು. ಯಾರಾದರೂ ಯಾರು ಹಾಕಿದ್ದು ಅಂತ ಕೇಳಿದರೆ ಅಳಿಯಂದಿರು ನನ್ನನ್ನು ಹುಡುಕುವುದು ಬೇಡವಾ?

ಅರ್ಥವಾಯಿತಲ್ಲ? ನೀನು ಅಲ್ಲಿ ಮೂರು ಲಿವರಿನ ಮುಂದೆ ಬಾಯಿ ತೆರೆದು ನಿಂತಾಗ, ಮೊದಲ ಸಾಲಿನಲ್ಲಿ ನೀಲಿ ಶರ್ಟು ಹಾಕಿಕೊಂಡು ಅವರು ಕೂತಿರುತ್ತಾರೆ. ಎದ್ದು ನಿಂತು, ಅದು ನಾನು ಹಾಕಿದ್ದು, ಅಳಿಯಂದಿರೇ ಹೇಳಿದ್ದು ಅನ್ನುತ್ತಾರೆ. ನೀನು, ನಾನ್ಯಾವಾಗ ಹೇಳಿದ್ದೆ ಅನ್ನುತ್ತೀಯ. ಅಲ್ಲಿಗೆ ಮುಗಿಯಿತು. ಹದಿನೆಂಟು ತಿಂಗಳ ಎಲ್ಲ ನಮಸ್ಕಾರಗಳೂ, ಆ ‘ಮಾವನೇ ಮಾಡಲಿ’ ಅನ್ನುವ ಮಾತೂ, ಬಾರ್ಬಿಕ್ಯೂವಿನ ನಗುವೂ ಅವರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ, ಇನ್ನೂರು ಜನರ ಮುಂದೆ. ನಿನ್ನನ್ನು ಕೆಡವಲು ನಾನು ತೋಡಿದ ಹಳ್ಳದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವವರು ಅವರು.

ಆದ್ದರಿಂದ ನಿನ್ನನ್ನು ಉಳಿಸಬೇಕಾಗಿ ಬಂದಿದೆ. ಈ ಅವಮಾನವನ್ನು ನಾನು ಮರೆಯುವುದಿಲ್ಲ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕಾರು ಮೇಲೇರಿದ ಕೂಡಲೇ ನೀನಾಗಿಯೇ ಹೇಳು: ಇದು ಸ್ಯಾಗಿನಾ. ನನ್ನ ಒರಿಜಿನಲ್ ಮನ್ಸಿ ಮೆಲ್ಬರ್ನಿನಲ್ಲಿ ಭದ್ರವಾಗಿದೆ. ಹದಿನೆಂಟು ತಿಂಗಳಿಂದ ನಿಮ್ಮಲ್ಲಿ ಒಬ್ಬರಾದರೂ ಕಂಡುಹಿಡಿಯುತ್ತೀರಾ ಅಂತ ಪರೀಕ್ಷೆ ಮಾಡಿದೆ. ಒರಿಜಿನಲ್ ಬಾಕ್ಸನ್ನು ಎತ್ತಿಡುವುದು ನಿಮ್ಮ ಪಂಗಡದಲ್ಲಿ ಇರುವ ರೂಢಿಯೇ, ಎಲ್ಲರೂ ನಂಬುತ್ತಾರೆ. ನಿನಗೆ ಚಪ್ಪಾಳೆಯೂ ಸಿಗುತ್ತದೆ, ಆ ಹೊತ್ತಿಗೆ ನಾನು ಲೈವಿನ ಸದ್ದು ಆರಿಸುತ್ತೇನೆ. ಆಮೇಲೆ, ಇದನ್ನು ಕೂರಿಸಿದವರು ನನ್ನ ಮಾವ ಅಂತ ಹೇಳಿ ಅಪ್ಪನನ್ನು ಮೇಲೆ ಕರೆದು, ಲಿವರ್ ಎಣಿಸುವುದನ್ನು ಅವರ ಕೈಯಿಂದಲೇ ತೋರಿಸು. ಆ ಒಂದು ಮಾತನ್ನು ಅಲ್ಲೇ, ಮೈಕಿನಲ್ಲಿ, ಕನ್ನಡದಲ್ಲಿ ಹೇಳು. ಯಾವ ಮಾತು ಅಂತ ಮೇಲೆ ಬರೆದಿದ್ದೇನೆ. ಶನಿವಾರ ಅಪ್ಪನನ್ನು ಏರ್‌ಪೋರ್ಟಿನಿಂದ ನೀನೇ ಮನೆಗೆ ಕರೆತರಬೇಕು, ಗ್ಯಾರೇಜಿನ ಆ ಟೇಪನ್ನು ಅಷ್ಟರೊಳಗೆ ಕಿತ್ತು ಹಾಕು. ಅದರ ಅಂಟು ನೆಲದಲ್ಲಿ ಉಳಿಯುತ್ತದೆ, ಸೀಮೆಎಣ್ಣೆ ಹಾಕಿ ಉಜ್ಜು.

ಮಾಡದಿದ್ದರೆ ಏನು ಮಾಡುತ್ತೀಯ ಅಂತ ನೀನು ಕೇಳಬಹುದು. ಒಂಬತ್ತನೆಯ ವಿಡಿಯೋದ ಕೆಳಗೆ, ಬೇರಿಂಗಿನ ವಿಷಯವಾಗಿ ಒಂದೇ ಒಂದು ಸಾಲು ಬರೆಯುತ್ತೇನೆ. ಆ ಮುದುಕನ ವಿಡಿಯೋದ ಕೆಳಗೂ ಅದೇ ಸಾಲು.

ಮಾಡಿದರೆ ಮನ್ಸಿ ನಿನ್ನ ಮನೆ ಬಾಗಿಲಿಗೆ ಬರುತ್ತದೆ. ಅಕ್ಷರಗಳ ಸಮೇತ. ವಕೀಲರ ಕಾಗದಗಳಿಗೂ ಸಹಿ ಹಾಕಿ ಅದರ ಜೊತೆಗೇ ಕಳಿಸುತ್ತೇನೆ. ನಿನ್ನ ಮೇಲೆ ಪ್ರೀತಿ ಉಳಿದು ಇದನ್ನೆಲ್ಲ ಬರೆದೆ ಅಂತ ದಯವಿಟ್ಟು ಭಾವಿಸಬೇಡ. ಅಂಥ ತಪ್ಪು ಗುರುತಿಸುವಿಕೆಯಲ್ಲಿ ನೀನು ಪ್ರವೀಣ.

ಇಂತು,
ಇನ್ನು ಕೆಲವೇ ದಿನ ನಿನ್ನ ಹೆಂಡತಿ,
ವಿಜೇತಾ

ತಾ.ಕ.: ಯಾರಿಗೂ ಏನೂ ಆಗಲಿಲ್ಲ ಅಂತ ಬರೆದೆನಲ್ಲ, ಅದು ಸುಳ್ಳು. ಇದನ್ನು ಈಗ ಹೇಳದಿದ್ದರೆ ಏರ್‌ಪೋರ್ಟಿನಲ್ಲಿ ನೀನು ಮುಖ ಕೆಡಿಸಿಕೊಂಡು ಎಲ್ಲ ಹಾಳು ಮಾಡುತ್ತೀಯ. ಸ್ಯಾಗಿನಾ ಕೂರಿಸಿಯಾದ ಮೇಲೆ, ಮನ್ಸಿಯನ್ನು ಬಾಡಿಗೆ ವ್ಯಾನಿಗೆ ಏರಿಸುತ್ತಿದ್ದೆವು. ಒಂದು ತುದಿ ಅಪ್ಪ, ಇನ್ನೊಂದು ತುದಿ ನಾನು. ಎರಡೂ ಕೈಯಲ್ಲಿ ಹಿಡಿ ಅಂತ ಅವರು ಹೇಳಿದ್ದರು. ನಾನು ಒಂದರಲ್ಲಿ ಹಿಡಿದಿದ್ದೆ, ಇನ್ನೊಂದರಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದೆ. ಒಂದು ದಿನ ನಿನಗೆ ಕಳಿಸಿ ಉರಿಸಬೇಕು ಅಂತ. ನಲವತ್ತೊಂದು ಸೆಕೆಂಡು ಇದೆ, ಯಾರಿಗೂ ಕಳಿಸಿಲ್ಲ. ಬಾಕ್ಸಿಗೂ ವ್ಯಾನಿನ ಅಂಚಿಗೂ ನಡುವೆ ಅವರ ಬಲಗೈ ಸಿಕ್ಕಿತು. ಅವರು ಮೊದಲು ಕೇಳಿದ್ದು ಬಾಕ್ಸಿಗೆ ಪೆಟ್ಟು ಬಿತ್ತಾ ಅಂತ. ಆಸ್ಪತ್ರೆಯಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದರು. ಅಳಿಯಂದಿರಿಗೆ ಹೇಳಬೇಡ, ತಾವೇ ಹೇಳಿ ಮಾಡಿಸಿದ ಕೆಲಸ ಅಂತ ಬೇಜಾರು ಮಾಡಿಕೊಂಡಾರು ಅಂದರು. ನಾನು ಸರಿ ಅಂದೆ. ಲಿವರ್ ತೋರಿಸುವುದಕ್ಕೆ ಅವರಿಗೊಂದು ಕೋಲು ಬೇಕಾದೀತು.

ಶನಿವಾರ ಮಧ್ಯಾಹ್ನ ಎರಡೂಕಾಲಿಗೆ ವಿಮಾನ ಇಳಿಯುತ್ತದೆ. ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಡುವಾಗ ಸ್ಟೀಲ್ ಲೋಟದಲ್ಲಿ ಕೊಡಬೇಡ, ಜಾರುತ್ತದೆ. ಹಿಡಿ ಇರುವ ಮಗ್ಗಿನಲ್ಲಿ ಅರ್ಧ ಮಾತ್ರ ತುಂಬಿಸಿ, ಹಿಡಿಯನ್ನು ಅವರ ಎಡಗೈ ಕಡೆಗೆ ತಿರುಗಿಸಿ ಇಡು.